ಚಿಕ್ಕಜ್ಜ ತಡವಾಗಿ ಬಂದಿದ್ದು ಯಾಕೆ

ನಮ್ಮ ಮನೆಯಲ್ಲಿ ಚಿಕ್ಕಜ್ಜನ ಮಾತು ಬಂದರೆ ಅದು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ಹೆತ್ತ ತಾಯಿಯ ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಬರಲಿಲ್ಲ ಅಂತ. ಅಜ್ಜ ಇಪ್ಪತ್ತು ವರ್ಷ ತಮ್ಮನ ಹತ್ತಿರ ಮಾತಾಡಲಿಲ್ಲ. ನಾನೂ ಅದನ್ನೇ ನಂಬಿಕೊಂಡು ಬೆಳೆದೆ.

ಕಳೆದ ತಿಂಗಳು ಡೊಂಬಿವಲಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಮೇಲಿಟ್ಟಿದ್ದ ಹಳೆ ಟ್ರಂಕ್ ಕೆಳಗಿಳಿಯಿತು. ಒಳಗೆ ಚಿಕ್ಕಜ್ಜನ ಸಿಡಿಸಿ ಪುಸ್ತಕ. ಹಡಗಿನಲ್ಲಿ ದುಡಿಯುವವರಿಗೆ ಇದೇ ಜಾತಕ. ಯಾವ ಹಡಗು, ಯಾವ ದಿನ ಎಲ್ಲಿ ಹತ್ತಿದ್ದು, ಎಲ್ಲಿ ಇಳಿದಿದ್ದು, ಏನು ಕೆಲಸ, ನಡತೆ ಹೇಗೆ, ಎಲ್ಲಾ ಅದರಲ್ಲಿರುತ್ತದೆ. ನಡತೆಯ ಜಾಗದಲ್ಲಿ ಪುಟ ಪುಟಕ್ಕೂ 'ವೆರಿ ಗುಡ್' ಮೊಹರು. ಕೆಲಸ ಭಂಡಾರಿ, ಅಂದರೆ ಖಲಾಸಿಗಳಿಗೆ ಅಡುಗೆ ಮಾಡುವವರು. ಅಡುಗೆ ಕಲಿತದ್ದು ಮುಂಬೈ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ. ಹದಿನಾರರ ಹುಡುಗ, ಮನೆಯಲ್ಲಿ ಹೇಳದೆ ಆಗುಂಬೆ ಘಾಟಿ ಹತ್ತಿ, ಬೀರೂರಿನಲ್ಲಿ ರೈಲು ಹಿಡಿದು ಮುಂಬೈ ಸೇರಿದ್ದರು. ಆಗ ನಮ್ಮ ಕರಾವಳಿಗೆ ಕೊಂಕಣ ರೈಲು ಎಲ್ಲಿತ್ತು?

ಪುಸ್ತಕದಲ್ಲಿ ನನ್ನ ಕಣ್ಣು ನಿಂತದ್ದು 1967ರ ಸಾಲಿನ ಮೇಲೆ. ಏಪ್ರಿಲ್ 12ಕ್ಕೆ ಮುಂಬೈಯಲ್ಲಿ ಹತ್ತಿದ್ದಾರೆ. ಜುಲೈ 19ಕ್ಕೆ ಮುಂಬೈಯಲ್ಲೇ ಇಳಿದಿದ್ದಾರೆ. ಅದೇ ಪುಟದಲ್ಲಿ ಲಿವರ್‌ಪೂಲ್‌ನಿಂದ ಬರೆದು ಪೋಸ್ಟ್ ಮಾಡದೆ ಉಳಿದ ಒಂದು ಕಾರ್ಡು, ತಾರೀಕು ಜೂನ್ 16. 'ನಾಳೆ ಹೊರಡುತ್ತೇವೆ, ಈ ಸಲ ಆಫ್ರಿಕಾ ಸುತ್ತಿ ಬರಬೇಕಂತೆ, ಅಮ್ಮನಿಗೆ ಹೇಳಿ.'

ಮುತ್ತಜ್ಜಿ ತೀರಿಕೊಂಡದ್ದು ಜೂನ್ 28ಕ್ಕೆ.

ಆ ಜೂನ್ 5ಕ್ಕೆ ಇಸ್ರೇಲ್ ಮತ್ತು ಅರಬ್ ದೇಶಗಳ ಯುದ್ಧ ಶುರುವಾಗಿ ಸುಯೆಜ್ ಕಾಲುವೆ ಮುಚ್ಚಿಹೋಗಿತ್ತು. ಮತ್ತೆ ತೆರೆದದ್ದು 1975ರಲ್ಲಿ. ಅಷ್ಟೂ ವರ್ಷ ನಮ್ಮ ಕಡೆಯ ಹಡಗುಗಳು ಗುಡ್ ಹೋಪ್ ಭೂಶಿರ ಬಳಸಿಯೇ ಓಡಾಡಿದವು. ಇಂಗ್ಲೆಂಡಿನಿಂದ ಮುಂಬೈಗೆ ಕಾಲುವೆಯಲ್ಲಿ ಬಂದರೆ ಆರು ಸಾವಿರ ನಾಟಿಕಲ್ ಮೈಲಿಗಿಂತ ಸ್ವಲ್ಪ ಜಾಸ್ತಿ, ಆಫ್ರಿಕಾ ಸುತ್ತಿದರೆ ಹತ್ತು ಸಾವಿರ ದಾಟುತ್ತದೆ. ಗಂಟೆಗೆ 15 ನಾಟಿಕಲ್ ಮೈಲಿ ಹೋಗುವ ಸರಕು ಹಡಗಿಗೆ ಹನ್ನೆರಡು ದಿನ ಹೆಚ್ಚು. ನಾನು ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ಕಾಲುವೆ ತೆರೆದಿದ್ದರೆ ಜುಲೈ 7ರ ಹೊತ್ತಿಗೆ ಮುಂಬೈ, ಎರಡು ದಿನದಲ್ಲಿ ಊರು. ಹದಿಮೂರನೇ ದಿನದ ಬೊಜ್ಜ ಜುಲೈ 10ಕ್ಕೆ. ಸಿಗುತ್ತಿತ್ತು ಅಲ್ವಾ!

ಊರಿಂದ ಹೋದ ಟೆಲಿಗ್ರಾಂ ಮುಂಬೈ ಡೋಂಗ್ರಿಯಲ್ಲಿ ಅವರಿದ್ದ ಖೋಲಿಯಲ್ಲಿ, ಅಂದರೆ ಕೋಣೆಯಲ್ಲಿ, ಜೊತೆಯವರ ಕೈಯಲ್ಲಿ ಕಾದಿತ್ತು. ಇಳಿದ ದಿನವೇ ಅದನ್ನು ಓದಿ ಊರಿಗೆ ಹೊರಟಿದ್ದಾರೆ. ನಡೆದದ್ದನ್ನು ಅವರು ಹೇಳಲಿಲ್ಲವಾ? ಹೇಳಿರುತ್ತಾರೆ. ಯಾವುದೋ ದೇಶದ ಕಾಲುವೆಯ ಕತೆಯನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅಜ್ಜ ಇರಲಿಲ್ಲ ಅನಿಸುತ್ತದೆ.

ಇದೆಲ್ಲ ಹೇಳೋಣ ಅಂತ ಊರಿನಲ್ಲಿರುವ ದೊಡ್ಡತ್ತೆಗೆ ಫೋನ್ ಮಾಡಿದೆ. ಅತ್ತೆಗೆ ಆಗ ಹನ್ನೊಂದು ವರ್ಷ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ಆ ಸಂಜೆಯದನ್ನು ಹೇಳಿದರು. ಮಳೆಯಲ್ಲಿ ನೆನೆದು ಬಂದ ಚಿಕ್ಕಜ್ಜ ಜಗಲಿ ಹತ್ತಲಿಲ್ಲವಂತೆ. ಅಂಗಳದಲ್ಲೇ ನಿಂತು ಒಂದೇ ಮಾತು ಕೇಳಿದರಂತೆ, "ಅಮ್ಮ ನನ್ನನ್ನ ಕೇಳಿದ್ಲಾ?" ಯಾರೂ ಉತ್ತರ ಕೊಡಲಿಲ್ಲ.

"ಕೇಳಿದ್ರು ಮಗಾ," ಅಂದರು ಅತ್ತೆ. "ದಿನಾ ಕೇಳ್ತಿದ್ರು. ನಾನು ಸಣ್ಣವಳು, ದೊಡ್ಡವರ ಎದುರು ಹೇಳೋಕೆ ಧೈರ್ಯ ಬರ್ಲಿಲ್ಲ."