ಪ್ರಿಂಟರ್ ಕೆಟ್ರೆ ನನಗೆ ಫೋನ್ ಮಾಡಿ

ನಮ್ಮದು ಮಲೆನಾಡಿನ ಒಂದು ಸಣ್ಣ ಸಹಕಾರಿ ಬ್ಯಾಂಕ್, ನಾನಲ್ಲಿ ಐಟಿ ನೋಡ್ಕೋತೀನಿ, ಐಟಿ ಅಂದ್ರೆ ಸರ್ವರ್‌ನಿಂದ ಹಿಡಿದು ಪಾಸ್‌ಬುಕ್ ಪ್ರಿಂಟರ್‌ವರೆಗೆ ಎಲ್ಲಾ. ಹೋದ ತಿಂಗಳು ಒಂದು ಬ್ರಾಂಚ್‌ಗೆ ಹೋದಾಗ ನೆಫ್ಟ್, ಆರ್‌ಟಿಜಿಎಸ್ ರಿಪೋರ್ಟ್ ಬರೋ ಪ್ರಿಂಟರ್ ಆಫ್ ಆಗಿ ಕೂತಿತ್ತು. ಯಾವಾಗಿಂದ ಹಿಂಗಿದೆ ಅಂತ ಅಟೆಂಡರ್‌ನ ಕೇಳ್ದೆ. "ನಾಲ್ಕು ದಿನ ಆಯ್ತು ಮೇಡಂ, ಅದು ಆವಾಗಾವಾಗ ಕೈ ಕೊಡ್ತದೆ, ಆಮೇಲೆ ತಾನೇ ಸರಿಯಾಗ್ತದೆ" ಅಂದ್ರು. ನೋಡಿದ್ರೆ ಕೇಬಲ್ ಸಡಿಲ ಆಗಿತ್ತು, ಅಷ್ಟೇ. ಆದ್ರೆ ಅದು ಗೊತ್ತಾಗೋವರೆಗಿನ ಹತ್ತು ನಿಮಿಷ ನನ್ನ ಎದೆ ಹೊಡ್ಕೊಂಡಿದ್ದು ನನಗೇ ಗೊತ್ತು, ಯಾಕಂದ್ರೆ ನನಗೆ ಢಾಕಾ ನೆನಪಾಗಿತ್ತು.

2016ರ ಫೆಬ್ರವರಿ 5, ಶುಕ್ರವಾರ. ನಮಗೆ ರಿಸರ್ವ್ ಬ್ಯಾಂಕ್ ಹೇಗೋ ಹಾಗೆ ಅವರಿಗೆ ಬಾಂಗ್ಲಾದೇಶ್ ಬ್ಯಾಂಕ್. ಅಲ್ಲಿ ಸ್ವಿಫ್ಟ್ ಮೆಸೇಜ್‌ಗಳು, ಅಂದ್ರೆ ದೇಶ ದೇಶಗಳ ಬ್ಯಾಂಕ್‌ಗಳು ದುಡ್ಡು ಕಳಿಸೋಕೆ ಒಂದಕ್ಕೊಂದು ಹಾಕೋ ಮೆಸೇಜ್‌ಗಳು, ತಾವಾಗೇ ಪ್ರಿಂಟ್ ಆಗಿ ಬೀಳ್ತಿದ್ವು. ಅವತ್ತು ಬೆಳಗ್ಗೆ ಒಂದು ಹಾಳೆನೂ ಇಲ್ಲ. ಪ್ರಿಂಟರ್ ಕೆಟ್ಟಿದೆ, ಮಾಮೂಲಿ ಅಂತ ಬಿಟ್ರು. ಆದ್ರೆ ಹಿಂದಿನ ರಾತ್ರಿನೇ ಕಳ್ಳರು ಅವರ ಹೆಸರಲ್ಲಿ, ಅವರ ದುಡ್ಡು ಇದ್ದ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್‌ಗೆ ದುಡ್ಡು ಕಳಿಸಿ ಅಂತ 35 ಆರ್ಡರ್ ಕಳಿಸಿ ಆಗಿತ್ತು, ಒಟ್ಟು ಸುಮಾರು 95 ಕೋಟಿ ಡಾಲರ್, ಆ ಮೆಸೇಜ್‌ಗಳು ಯಾರ ಕಣ್ಣಿಗೂ ಬೀಳಬಾರದು ಅಂತ್ಲೇ ಪ್ರಿಂಟರ್‌ನ ಬಾಯಿ ಕಟ್ಟಿದ್ದು. ಕೆಲಸ ಕೇಳ್ಕೊಂಡು ಬಂದ ಅರ್ಜಿ ಥರ ಒಂದು ಇಮೇಲ್ ಕಳಿಸಿ ಒಂದು ವರ್ಷದ ಹಿಂದೆನೇ ಬ್ಯಾಂಕ್‌ನ ಕಂಪ್ಯೂಟರ್‌ಗಳ ಒಳಗೆ ಸೇರ್ಕೊಂಡಿದ್ರು.

ಅವರು ದಿನ ಆರಿಸಿದ್ದನ್ನ ನೋಡಿ. ಶುಕ್ರವಾರ ಶನಿವಾರ ಢಾಕಾದಲ್ಲಿ ರಜೆ, ಶನಿವಾರ ಭಾನುವಾರ ನ್ಯೂಯಾರ್ಕ್‌ನಲ್ಲಿ ರಜೆ, ಸೋಮವಾರ ಚೀನೀ ಹೊಸವರ್ಷ ಅಂತ ಫಿಲಿಪ್ಪೀನ್ಸ್‌ನಲ್ಲಿ ರಜೆ. ಢಾಕಾದೋರು ಫೋನ್ ಮಾಡಿದ್ರೆ ನ್ಯೂಯಾರ್ಕ್‌ನೋರು ಎತ್ತಲ್ಲ, ನ್ಯೂಯಾರ್ಕ್‌ನೋರು ಮೆಸೇಜ್ ಹಾಕಿದ್ರೆ ಢಾಕಾದ ಪ್ರಿಂಟರ್ ಕೆಟ್ಟಿದೆ. ಹೆಚ್ಚಿನ ಆರ್ಡರ್‌ಗಳು ನ್ಯೂಯಾರ್ಕ್‌ನಲ್ಲೇ ನಿಂತ್ವು, ಆದ್ರೂ 8 ಕೋಟಿ 10 ಲಕ್ಷ ಡಾಲರ್ ಮನಿಲಾ ಪಕ್ಕದ ಮಕಾಟಿಯ ಒಂದು ಬ್ರಾಂಚ್‌ಗೆ ಹೋಯ್ತು. ಅಲ್ಲಿ 2015ರ ಮೇ ತಿಂಗಳಲ್ಲೇ ಸುಳ್ಳು ಹೆಸರಲ್ಲಿ ನಾಲ್ಕು ಅಕೌಂಟ್ ತೆಗೆದು ತಲಾ 500 ಡಾಲರ್ ಹಾಕಿ ಸುಮ್ಮನೆ ಇಟ್ಟಿದ್ರು. ದುಡ್ಡನ್ನ ತಡೀರಿ ಅಂತ ಢಾಕಾದಿಂದ ಹೋದ ಮೆಸೇಜ್ ತಲುಪಿದ್ರೂ 9ನೇ ತಾರೀಕು ದುಡ್ಡು ಹೊರಗೆ ಹೋಯ್ತು, ಅಲ್ಲಿಂದ ಕ್ಯಾಸಿನೊಗೆ. ಆಗ ಫಿಲಿಪ್ಪೀನ್ಸ್‌ನ ಕಪ್ಪುಹಣ ತಡೆಯೋ ಕಾನೂನಿಗೆ ಕ್ಯಾಸಿನೊಗಳು ಬರ್ತಾನೇ ಇರ್ಲಿಲ್ಲ, ಕಾನೂನು ತಿದ್ದಿದ್ದು 2017ರಲ್ಲಿ. ಅಂದ್ರೆ ಢಾಕಾದೋರು ಹೊರಗಿನೋರನ್ನ ತಡೆಯೋ ಎಷ್ಟೇ ಒಳ್ಳೆ ಫೈರ್‌ವಾಲ್ ಹಾಕಿದ್ರೂ (ಹಾಕಿರ್ಲಿಲ್ಲ ಅಂತ್ಲೇ ತನಿಖೆ ಮಾಡಿದೋರು ಹೇಳಿದ್ದು) ಮನಿಲಾದ ಕಾನೂನಿನ ತೂತು ಮುಚ್ಚೋಕೆ ಅವರ ಕೈಲಿ ಆಗ್ತಿರ್ಲಿಲ್ಲ.

ಇನ್ನೊಂದು 2 ಕೋಟಿ ಡಾಲರ್ ಶ್ರೀಲಂಕಾದ ಒಂದು ಸಂಸ್ಥೆ ಹೆಸರಿಗೆ ಹೊರಟಿತ್ತು. ಫೌಂಡೇಶನ್ ಅಂತ ಬರೆಯೋ ಕಡೆ ಸ್ಪೆಲಿಂಗ್ ತಪ್ಪಿ ಫ್ಯಾಂಡೇಶನ್ ಅಂತ ಆಗಿತ್ತು, ನಡುವೆ ಇದ್ದ ಡಾಯ್ಚ ಬ್ಯಾಂಕ್‌ನೋರು ಇದೇನಿದು ಅಂತ ಕೇಳಿದ್ರು, ಕೊಲಂಬೊದ ಬ್ಯಾಂಕ್‌ನೋರಿಗೂ ಇಷ್ಟು ದೊಡ್ಡ ಮೊತ್ತ ನಮ್ಮಂಥ ದೇಶಕ್ಕೆ ಯಾಕೆ ಬಂತು ಅಂತ ಅನುಮಾನ ಬಂತು. ಆ ದುಡ್ಡು ವಾಪಸ್ ಹೋಯ್ತು. ಯಾವ ಸಾಫ್ಟ್‌ವೇರೂ ಅಲ್ಲ, ಹಾಳೆ ಓದೋ ಮನುಷ್ಯರು ಹಿಡಿದಿದ್ದು.

ನನ್ನ ಸಂಕಟ ಇದಲ್ಲ, ಆಮೇಲಿಂದು. 2018ರ ಫೆಬ್ರವರಿಯಲ್ಲಿ ಕುಂಭಕೋಣಂನ ಸಿಟಿ ಯೂನಿಯನ್ ಬ್ಯಾಂಕ್‌ನಲ್ಲಿ ಕಳ್ಳರು ನುಗ್ಗಿದಾಗಲೂ ಸ್ವಿಫ್ಟ್‌ನ ಪ್ರಿಂಟರ್‌ನೇ ಕೆಡಿಸಿದ್ರು. ಅದೇ ಉಪಾಯ, ಎರಡು ವರ್ಷ ಆದ್ಮೇಲೆ, ಪಕ್ಕದ ದೇಶದಲ್ಲಿ! ಅದೇ ವರ್ಷ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೊಸ್ ಬ್ಯಾಂಕ್‌ನಿಂದ 94 ಕೋಟಿ ರೂಪಾಯಿ ಹೋಯ್ತು, ಅದೂ ವೀಕೆಂಡ್‌ನಲ್ಲೇ ಶುರುವಾಗಿದ್ದು, 28 ದೇಶದ ಎಟಿಎಂಗಳಿಂದ ದುಡ್ಡು ತೆಗೆದ್ರು, ಅದು ನಮ್ಮ ಥರದ್ದೇ ಸಹಕಾರಿ ಬ್ಯಾಂಕ್.

ಆಗ್ನೇಯ ಏಷ್ಯಾದೋರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಅಂತ ನನಗನ್ಸುತ್ತೆ. ಜಪಾನ್ ಸಹಾಯದಿಂದ 2018ರಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ತರಬೇತಿ ಕೇಂದ್ರ ಶುರು ಮಾಡಿದ್ರು, ಮರುವರ್ಷ ಸಿಂಗಾಪುರದಲ್ಲಿ ಇನ್ನೊಂದು. ಲಾವೋಸ್‌ನ ಹುಡುಗ ಮಲೇಷ್ಯಾದ ಹುಡುಗಿ ಪಕ್ಕ ಕೂತು ಮಾಲ್‌ವೇರ್ (ಕಳ್ಳರು ಕಂಪ್ಯೂಟರ್ ಒಳಗೆ ಬಿಡೋ ಪ್ರೋಗ್ರಾಂ) ಬಿಚ್ಚಿ ನೋಡೋದು ಕಲೀತಾರೆ, ನಾಳೆ ಏನಾದ್ರೂ ಆದ್ರೆ ಒಬ್ಬರ ನಂಬರ್ ಇನ್ನೊಬ್ಬರ ಫೋನ್‌ನಲ್ಲಿರುತ್ತೆ.

ನಮ್ಮ ಕಡೆ? ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಶೃಂಗಸಭೆ ಕೊನೆಗೆ ನಡೆದಿದ್ದೇ 2014ರಲ್ಲಿ, ಕಠ್ಮಂಡುವಿನಲ್ಲಿ. ಸೈಬರ್ ದಾಳಿ ಆದಾಗ ಎಚ್ಚರಿಸೋ, ಸಹಾಯ ಮಾಡೋ ನಮ್ಮ ಸರ್ಕಾರಿ ತಂಡ ಸಿಇಆರ್‌ಟಿ-ಇನ್ 2004ರಿಂದ ಇದೆ, ಶ್ರೀಲಂಕಾದ್ದು 2006ರಿಂದ, ಬಾಂಗ್ಲಾದೇಶ ಭೂತಾನ್ ಕೂಡ ಮಾಡ್ಕೊಂಡಿವೆ, ಏಷ್ಯಾ ಪೆಸಿಫಿಕ್‌ನ ಇಂಥ ತಂಡಗಳೆಲ್ಲ ಸೇರಿ ವರ್ಷಕ್ಕೊಂದು ಅಣಕು ಕಾರ್ಯಾಚರಣೆನೂ ಮಾಡ್ತವೆ. 2024ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್ ಸೇರಿ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿದ್ವು, ಅದರಲ್ಲಿ ಸೈಬರ್ ಭದ್ರತೆನೂ ಒಂದು ಭಾಗ. ನನಗೆ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ಅದು ರಾಜಧಾನಿಗಳಲ್ಲೇ ಉಳೀಬಾರದು. ಢಾಕಾದಲ್ಲಿ ಇವತ್ತು ಪ್ರಿಂಟರ್ ಕೆಟ್ರೆ ನಾಳೆ ಬೆಳಗ್ಗೆ ಕುಂಭಕೋಣಂನ ಕ್ಲರ್ಕ್‌ಗೆ, ತೀರ್ಥಹಳ್ಳಿಯ ಕ್ಲರ್ಕ್‌ಗೆ ಅವರವರ ಭಾಷೆಯಲ್ಲಿ ಒಂದು ಸಾಲು ಬರಬೇಕು. ನಮ್ಮಲ್ಲಿ ಸುತ್ತೋಲೆ ಇಂಗ್ಲಿಷ್‌ನಲ್ಲಿ ಬರುತ್ತೆ, ಮ್ಯಾನೇಜರ್ ಸಹಿ ಹಾಕ್ತಾರೆ, ಫೈಲ್‌ಗೆ ಹೋಗುತ್ತೆ. ಪ್ರಿಂಟರ್ ಮುಂದೆ ದಿನಾ ನಿಲ್ಲೋ ಅಟೆಂಡರ್‌ಗೆ ಯಾರೂ ಹೇಳಲ್ಲ.

ಅವತ್ತು ನಾನೇ ಕೂತು ಕನ್ನಡದಲ್ಲಿ ಒಂದು ಹಾಳೆ ಬರೆದೆ: ಪ್ರಿಂಟರ್ ನಿಂತ್ರೆ, ಹಾಳೆ ಬರದಿದ್ರೆ, ರಜೆ ಇದ್ರೂ ಪರವಾಗಿಲ್ಲ, ತಕ್ಷಣ ಫೋನ್ ಮಾಡಿ. ಕೆಳಗೆ ನನ್ನ ನಂಬರ್. ಎಲ್ಲಾ ಬ್ರಾಂಚ್‌ನಲ್ಲೂ ಅಂಟಿಸಿದ್ದೀನಿ, ಅಟೆಂಡರ್‌ಗಳನ್ನ ಕೂರಿಸ್ಕೊಂಡು ಢಾಕಾದ ಕಥೆನೂ ಹೇಳ್ದೆ. ಮೊನ್ನೆ ಎರಡನೇ ಶನಿವಾರ ಬೆಳಗ್ಗೆ ಅದೇ ಬ್ರಾಂಚ್‌ನಿಂದ ಫೋನ್ ಬಂತು, "ಮೇಡಂ, ಪೇಪರ್ ಜಾಮ್ ಇರ್ಬೇಕು, ಆದ್ರೂ ನೀವು ಹೇಳಿದ್ರಲ್ಲ." ಪೇಪರ್ ಜಾಮೇ ಆಗಿತ್ತು. ಹೋಗಿ ನೋಡ್ಕೊಂಡು ಬಂದೆ.