ಗರುಡ ಏರಿದ ಮೇಲೆ ಊರು ಬಿಡಬಾರದು

ಮೊನ್ನೆ ನಮ್ಮ ಬಡಾವಣೆಯ ಶ್ರೀನಿವಾಸನ ಗುಡಿಯಲ್ಲಿ ಬ್ರಹ್ಮೋತ್ಸವದ ಧ್ವಜಾರೋಹಣ. ಭೇರಿ ಬಾರಿಸಿ ದಿಕ್ಪಾಲಕರನ್ನು ಕರೆದಾಯಿತು. ಅರಿಶಿನ ಬಣ್ಣದ ಬಟ್ಟೆಯ ಮೇಲಿನ ಗರುಡ, ದರ್ಭೆಯ ಹಗ್ಗ ಹಿಡಿದು ಮೇಲೇರಿದ. ಗರುಡ ಪ್ರಸಾದಕ್ಕೆಂದು ಹೆಣ್ಣುಮಕ್ಕಳು ಸೆರಗೊಡ್ಡಿ ನಿಂತದ್ದನ್ನು ಕಂಡಾಗ ನನ್ನ ಕಣ್ಣು ತುಂಬಿತು.

ನನ್ನ ಅಜ್ಜಿಯೂ ಹೀಗೆಯೇ ಸೆರಗೊಡ್ಡಿದವರು. ಮದುವೆಯಾಗಿ ಒಂಬತ್ತು ವರ್ಷ ಮಡಿಲು ತುಂಬಿರಲಿಲ್ಲ. ಪ್ರಸಾದ ತಿಂದ ಮರುವರ್ಷದ ಉತ್ಸವಕ್ಕೆ ಅಮ್ಮ ತೊಟ್ಟಿಲಲ್ಲಿದ್ದಳು. ‘ಡಾಕ್ಟರ ಔಷಧವೂ ನಡೆದಿತ್ತು’ ಎಂದು ತಾತ ನೆನಪಿಸಿದರೆ ಅಜ್ಜಿ ಅವರತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಅಜ್ಜಿಯ ಜೊತೆ ಗುಡಿಗೆ ಹೋದರೆ ನೇರವಾಗಿ ಒಳಗೆ ಹೋಗುವಂತಿರಲಿಲ್ಲ. ಧ್ವಜಸ್ತಂಭದ ತುದಿಯಲ್ಲಿ, ಗರ್ಭಗುಡಿಯ ಕಡೆಗೆ ಚಾಚಿದ ಮೂರು ಪಟ್ಟಿಗಳಿಗೆ ಪುಟ್ಟ ಗಂಟೆಗಳಿದ್ದವು. ‘ಗಂಟೆ ಕೇಳಿಸಲಿ, ಆಮೇಲೆ ಹೋಗೋಣ’ ಎನ್ನುತ್ತಿದ್ದರು. ಗಾಳಿಯಿಲ್ಲದ ದಿನ ಬಲಿಪೀಠದ ಪಕ್ಕ ಕತ್ತೆತ್ತಿ ನಿಂತದ್ದೇ ನಿಂತದ್ದು. ಪಾಕಶಾಲೆಯಿಂದ ಪುಳಿಯೋಗರೆಯ ಒಗ್ಗರಣೆ ವಾಸನೆ, ಕಾಲಡಿ ಸುಡುವ ಕಲ್ಲು, ಹಿತ್ತಾಳೆಯ ಕವಚದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಕೊನೆಗೊಮ್ಮೆ ಟಿಣ್ ಎಂದಿತೋ, ಅಜ್ಜಿ ನನ್ನ ಕೈ ಹಿಂಡುತ್ತಿದ್ದರು. ಅಷ್ಟು ಸಣ್ಣ ಸದ್ದು! ಇಂದಿಗೂ ಪೂಜೆಯ ಗಂಟೆ ಹಿಡಿದರೆ ನನ್ನ ಅಂಗೈಯಲ್ಲಿ ಅವರ ಬಳೆಯ ಒತ್ತು.

ಮೊನ್ನೆಯೂ ಕಿವಿಗೊಟ್ಟೆ. ಧ್ವನಿವರ್ಧಕದಲ್ಲಿ ದಾನಿಗಳ ಹೆಸರು ಮಾತ್ರ ಕೇಳಿಸಿತು.

ತಕ್ಷಶಿಲೆಯಿಂದ ರಾಯಭಾರಿಯಾಗಿ ಬಂದ ಗ್ರೀಕ್ ಹೆಲಿಯೊಡೋರಸ್ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿಯೇ ವಿದಿಶೆಯ ಬಳಿಯ ಬೆಸನಗರದಲ್ಲಿ ವಾಸುದೇವನಿಗೆ ಗರುಡಧ್ವಜವೆಂಬ ಕಲ್ಲುಕಂಬವನ್ನು ನಿಲ್ಲಿಸಿದ. ತಾನು ಭಾಗವತ, ಅಂದರೆ ವಾಸುದೇವನ ಭಕ್ತ, ಎಂದು ಅದೇ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಬರೆಸಿದ. ನಮ್ಮ ಬೆಂಗಳೂರಿನ ಕೋಟೆ ವೆಂಕಟರಮಣನ ಗುಡಿಯ ಎದುರಿನ ಕಲ್ಲುಕಂಬ ಟಿಪ್ಪುವಿನತ್ತ ಹಾರಿಬಂದ ಫಿರಂಗಿ ಗುಂಡಿಗೆ ಅಡ್ಡ ನಿಂತಿತು ಎಂಬ ಮಾತು ಈ ಊರಿನಲ್ಲಿ ಇನ್ನೂ ಇದೆ. ಪರದೇಶದವನು ತಲೆಬಾಗಿದ, ಅರಸನನ್ನು ಕಾಯಿತು ಎನ್ನುವ ಕಂಬ. ಮೊನ್ನೆ ನಮ್ಮ ಬಡಾವಣೆಯ ಗುಡಿಯಲ್ಲಿ ಅಂಥ ಕಂಬದ ಕಟ್ಟೆಗೆ ಬೆನ್ನು ಕೊಟ್ಟು ಒಬ್ಬರು ಮೊಬೈಲಿನಲ್ಲಿ ನಿವೇಶನದ ಬೆಲೆ ಚೌಕಾಸಿ ಮಾಡುತ್ತಿದ್ದರು.

ಧ್ವಜ ಏರಿದ ಮೇಲೆ ಅದು ಇಳಿಯುವವರೆಗೆ ಊರು ಬಿಡಬಾರದು ಎಂಬುದು ಅಜ್ಜಿಯ ಕಟ್ಟುನಿಟ್ಟು. ಕರೆಸಿದ ನೆಂಟರು ಮನೆಯಲ್ಲಿರುವಾಗ ಮನೆಯವರೇ ಹೊರಟುಹೋಗುತ್ತಾರೆಯೇ ಎನ್ನುತ್ತಿದ್ದರು. ಈಗ ಯಾರಿಗೆ ಬೇಕಾಗಿದೆ? ಬೇರೆಯವರ ಮಾತೇಕೆ, ನನ್ನ ಬಳಿಯೇ ನಾಳೆ ರಾತ್ರಿಯ ಮಂಗಳೂರು ಬಸ್ಸಿನ ಟಿಕೆಟ್ ಇತ್ತು, ಸೋದರಮಾವನ ಮಗಳ ಮದುವೆಗೆ.

ಅದನ್ನು ಇವತ್ತು ಬೆಳಿಗ್ಗೆ ರದ್ದು ಮಾಡಿದೆ. ಮಾವನಿಗೆ ಫೋನ್ ಮಾಡಿ ಜ್ವರ ಎಂದೆ. ಧ್ವಜ ಏರಿದೆ ಮಾವ, ಬರಲಾಗದು ಎನ್ನಲು ಬಾಯಿ ಬರಲಿಲ್ಲ.