ಗಾಡಿ ಮಧ್ಯಾಹ್ನ ಎಲ್ಲಿ ನಿಂತಿರುತ್ತೆ?

ನಂಗೊಂದು ವಿಚಿತ್ರ ಚಟ ಇದೆ. ರಾಜ್ಯದ ಕರೆಂಟ್ ಮೇಲೆ ನಿಗಾ ಇಡೋ ಕೆಪಿಟಿಸಿಎಲ್ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ ವೆಬ್‌ಸೈಟ್ ತೆಗ್ದು, ಈ ಕ್ಷಣ ರಾಯಚೂರಿನ ಕಲ್ಲಿದ್ದಲು ಸ್ಥಾವರದಿಂದ ಎಷ್ಟು ಕರೆಂಟ್, ಶರಾವತಿಯ ನೀರಿಂದ ಎಷ್ಟು, ಸೋಲಾರ್ ಎಷ್ಟು ಅಂತ ನೋಡ್ತಾ ಕೂರೋದು. ಮನೇಲಿ ಇದಕ್ಕೆ ಬೈಸ್ಕೊಂಡಿದ್ದೂ ಆಗಿದೆ. ಆದ್ರೆ ದಿನಾ ನೋಡ್ತಾ ಇದ್ರೆ ಒಂದು ವಿಷ್ಯ ಕಣ್ಣಿಗೆ ಹೊಡೆಯುತ್ತೆ: ಮಧ್ಯಾಹ್ನ ಸೋಲಾರ್ ಸಾವಿರಗಟ್ಟಲೆ ಮೆಗಾವ್ಯಾಟ್ ತೋರಿಸ್ತಿರುತ್ತೆ, ಸಂಜೆ ಏಳಕ್ಕೆ ನೋಡಿದ್ರೆ ಸೊನ್ನೆ. ಸರಿಯಾಗಿ ಅದೇ ಏಳು ಗಂಟೆಗೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಆಫೀಸಿಂದ ಬಂದೋರೆಲ್ಲ ಎಲೆಕ್ಟ್ರಿಕ್ ಗಾಡಿ (ಇವಿ) ಚಾರ್ಜಿಗೆ ಹಾಕಿ ಮೇಲೆ ಹೋಗ್ತಾರೆ. ಮದುವೆ ಮನೇಲಿ ಮಧ್ಯಾಹ್ನದ ಅಡುಗೆ ಮಿಕ್ಕಿ ಚೆಲ್ಲಿ, ರಾತ್ರಿ ಬಂದೋರಿಗೆ ಮತ್ತೆ ಒಲೆ ಹಚ್ಚಿದ ಹಾಗೆ.

ತುಮಕೂರು ಜಿಲ್ಲೆ ಪಾವಗಡದ ಸೋಲಾರ್ ಪಾರ್ಕ್ ಲೆಕ್ಕ ನೋಡಿ. ತಿರುಮಣಿ ಸುತ್ತಮುತ್ತ ಐದು ಊರು, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಂಡ್ಕೊಂಡಿಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡಿದ್ದು. ಅಷ್ಟೂ ಪ್ಯಾನೆಲ್ ಫುಲ್ ಓಡಿದ್ರೆ ಒಂದು ಗಂಟೇಲಿ 20.5 ಲಕ್ಷ ಯೂನಿಟ್. ಒಂದು ಸ್ಕೂಟರ್ ಫುಲ್ ಚಾರ್ಜಿಗೆ ಸುಮಾರು ಮೂರು ಯೂನಿಟ್ ಅಂದ್ಕೊಂಡ್ರೆ ಆರೂವರೆ ಲಕ್ಷಕ್ಕೂ ಮೇಲೆ ಸ್ಕೂಟರ್, ಒಂದೇ ಗಂಟೇಲಿ. ತಂತಿಲಿ ಬರೋವಾಗ ಸೋರಿಹೋಗೋ ಕರೆಂಟ್ (ಲೈನ್ ಲಾಸ್) ಅಂತ ಒಂದಿಷ್ಟು ಕಳೆದ್ರೂ ದೊಡ್ಡ ಸಂಖ್ಯೆನೇ.

ಹಾಗಾಗಿ ಇವಿ ಪರಿಸರಕ್ಕೆ ಒಳ್ಳೇದಾ ಅಂತ ಯಾರಾದ್ರೂ ಕೇಳಿದ್ರೆ, ನಿಮ್ ಗಾಡಿ ಮಧ್ಯಾಹ್ನ ಎಲ್ಲಿ ನಿಂತಿರುತ್ತೆ ಅಂತ ನಾನು ವಾಪಸ್ ಕೇಳ್ತೀನಿ. ಆಫೀಸ್ ಪಾರ್ಕಿಂಗಲ್ಲಿ, ಕಾಲೇಜ್ ಶೆಡ್ಡಲ್ಲಿ, ಮೆಟ್ರೋ ಸ್ಟೇಷನ್ ಪಕ್ಕ ಬಿಸಿಲಲ್ಲಿ ಎಂಟು ಗಂಟೆ ಸುಮ್ನೆ ನಿಂತಿರುತ್ತಲ್ಲ, ಸಾಕೆಟ್ ಬೇಕಾಗಿರೋದು ಅಲ್ಲಿ. ದುಬಾರಿ ಫಾಸ್ಟ್ ಚಾರ್ಜರ್ ಏನೂ ಬೇಡ. ಸ್ಕೂಟರಿಗೆ ಗೋಡೆ ಮೇಲಿನ ಮಾಮೂಲಿ ಪ್ಲಗ್ ಸಾಕು, ಕಾರಿಗೂ 15 ಆಂಪ್ ಸಾಕೆಟ್ಟಲ್ಲಿ ಗಂಟೆಗೆ ಮೂರು ಯೂನಿಟ್ ಹೋದ್ರೆ ಆಫೀಸ್ ಮುಗಿಯೋ ಹೊತ್ತಿಗೆ ಇಪ್ಪತ್ತು ಯೂನಿಟ್ ದಾಟಿರುತ್ತೆ, ಯಾರ್ ದಿನಾ ಅಷ್ಟು ಓಡಿಸ್ತಾರೆ ಹೇಳಿ.

ಇದೆಲ್ಲ ಹೇಳೋಕೆ ಚೆಂದ ಅನ್ನೋರಿಗೆ ಒಂದು ಮಾತು, ನಮ್ ರಾಜ್ಯ ಈ ಕೆಲ್ಸ ಒಂದ್ಸಲ ಮಾಡಿದೆ. ಪಂಪ್‌ಸೆಟ್! ಮುಂಚೆ ತ್ರೀ ಫೇಸ್ ಕೊಡ್ತಿದ್ದಿದ್ದು ಹೆಚ್ಚಾಗಿ ರಾತ್ರಿ, ರೈತರು ಕತ್ತಲಲ್ಲಿ ಹಾವು ಚೇಳಿನ ನಡುವೆ ಟಾರ್ಚ್ ಹಿಡ್ಕೊಂಡು ಮೋಟ್ರು ಹಾಕೋಕೆ ಹೋಗ್ಬೇಕಿತ್ತು. ಸೋಲಾರ್ ಬಂದ್ಮೇಲೆ ಏಳು ಗಂಟೆ ಕರೆಂಟನ್ನ ಹಗಲಿಗೆ ತರೋಕೆ ಶುರು ಮಾಡಿದ್ರು, ರೈತರಿಗೂ ನಿದ್ದೆ, ಗ್ರಿಡ್ಡಿಗೂ ಆರಾಮ. ಲಕ್ಷಾಂತರ ಮೋಟ್ರನ್ನ ಬಿಸಿಲಿಗೆ ತಂದೋರಿಗೆ ಸ್ಕೂಟರ್ ತರೋದು ಅಂಥ ಕಷ್ಟನಾ? ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸೂ ಸಾವಿರ ದಾಟಿವೆ, ಬೆಳಗ್ಗೆ ಸಂಜೆ ರಶ್ಶು, ಮಧ್ಯ ಸ್ವಲ್ಪ ಬಿಡುವು, ಡಿಪೋಲಿ ಆ ಹೊತ್ತಿಗೆ ಚಾರ್ಜ್ ಹಾಕಿದ್ರೆ ಅಷ್ಟು ಮಟ್ಟಿಗೆ ಸಂಜೆ ಲೋಡ್ ಇಳಿಯುತ್ತೆ.

ಆದ್ರೆ ಒಂದನ್ನ ಒಪ್ಕೋಬೇಕು, ವರ್ಷಪೂರ್ತಿ ಒಂದೇ ರೂಲ್ ನಡೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಿತ್ರದುರ್ಗ, ಗದಗ ಕಡೆ ಗಾಳಿ ಜೋರು, ಗಾಳಿಯಿಂದ ಕರೆಂಟ್ ಮಾಡೋ ಫ್ಯಾನ್‌ಗಳು ರಾತ್ರಿನೂ ತಿರುಗ್ತವೆ, ಆಗ ರಾತ್ರಿ ಚಾರ್ಜ್ ಮಾಡಿದ್ರೂ ಪಾಪ ಏನಿಲ್ಲ. ಮಾರ್ಚ್ ಏಪ್ರಿಲಲ್ಲಿ ಹಗಲೇ ಡಿಮ್ಯಾಂಡ್ ತಲೆ ಮೇಲೆ ಹೋಗಿರುತ್ತೆ, ಮಿಕ್ಕೋದು ಕಡಿಮೆ. ಹಾಗಂತ ಸಂಜೆ ಏಳಕ್ಕೆ ಹಾಕೋದಕ್ಕೆ ಯಾವ ಸೀಸನ್ನಲ್ಲೂ ನೆಪ ಸಿಗಲ್ಲ ಬಿಡಿ.

ದುಡ್ಡಿನ ಮಾತಿಗೆ ಬರೋಣ, ಜನ ಬದಲಾಗೋದು ಅಲ್ಲೇ. ಕೇಂದ್ರ 2023ರಲ್ಲಿ ತಂದ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಡಿಮೆ ಇರ್ಬೇಕು, ಡಿಮ್ಯಾಂಡ್ ಹೆಚ್ಚಿರೋ ಪೀಕ್ ಹೊತ್ತಲ್ಲಿ ಜಾಸ್ತಿ. ಆದ್ರೆ ಯಾವ ಗಂಟೇಲಿ ಎಷ್ಟು ಅಂತ ಅಳೆಯೋ ಮೀಟರ್ ಇಲ್ದಿರೋ ಮನೆಗೆ ಅದು ಪೇಪರ್ ಮೇಲಿನ ಮಾತಷ್ಟೇ. ಇನ್ನು ಗೃಹಜ್ಯೋತಿ ಉಚಿತ ಕರೆಂಟ್ ಯೋಜನೇಲಿ ಇರೋರು ಕಾರ್ ತಗೊಂಡ್ರೆ ಇನ್ನೊಂದು ಪೇಚು. ತಿಂಗಳಿಗೆ ಐದು ಸಲ 30 ಯೂನಿಟ್ ಬ್ಯಾಟ್ರಿ ತುಂಬಿಸಿದ್ರೆ ಅದೇ 150, ಮನೆ ಬಳಕೆ ಸೇರಿ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಇಂಥೋರಿಗಂತೂ ಆಫೀಸ್ ಸಾಕೆಟ್ ವರದಾನ.

ನಮ್ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಹಿರಿಯರೊಬ್ರು "ಹತ್ತು ಕಾರ್ ಒಟ್ಟಿಗೆ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗುತ್ತೆ ಕಣಪ್ಪಾ, ಯಾರ್ ಕೊಡ್ತಾರೆ ದುಡ್ಡು" ಅಂದ್ರು. ಕೆಲವ್ರು ನಕ್ರು, ಆದ್ರೆ ಅವರ ಮಾತಲ್ಲಿ ಸತ್ಯ ಇದೆ: 7.2 ಕಿಲೋವ್ಯಾಟಿನ ಹತ್ತು ಚಾರ್ಜರ್ ಅಂದ್ರೆ 72 ಕಿಲೋವ್ಯಾಟ್, ಅದೂ ಗೀಸರ್ರು ಎಸಿ ಎಲ್ಲಾ ಓಡೋ ಹೊತ್ತಿಗೆ. ಇದಕ್ಕೆ ಲೋಡ್ ಹಂಚೋ ಚಾರ್ಜರ್ ಸಿಗುತ್ತೆ, ಇರೋ ಕೆಪಾಸಿಟಿನ ಎಲ್ಲಾ ಗಾಡಿಗೂ ಸ್ವಲ್ಪ ಸ್ವಲ್ಪ ಕೊಟ್ಟು ಬೆಳಗ್ಗೆ ಹೊತ್ತಿಗೆ ತುಂಬಿಸುತ್ತೆ. ಅಂಕಲ್‌ಗೆ ಇದನ್ನ ವಿವರಿಸಿದ್ಮೇಲೆ ಅವರು ಕೇಳಿದ್ದು ಒಂದೇ, "ಅದರ ಕರೆಂಟ್ ಬಿಲ್ ಕಾಮನ್ ಮೀಟರಿಗೆ ಬರಲ್ಲ ತಾನೆ?" ಬರಲ್ಲ ಅಂತ ಲೆಟರ್ ಬರೆದು ಕೊಡಿ ಅಂದಿದ್ದಾರೆ, ಭಾನುವಾರದೊಳಗೆ ಬರೀಬೇಕು.